ಸ್ಟಿಯರಿಂಗಿಗೂ ಅರ್ಧ ಇಂಚು ಮಾರ್ಜಿನ್ನು

ನಮ್ಮ ಭಾವ ರಿಪೇರಿ ಮಾಡಿದ ವಸ್ತು ಮತ್ತೆ ಅದೇ ಥರ ಕೆಡುವುದಿಲ್ಲ. ಬೇರೆ ಥರ ಕೆಡುತ್ತದೆ. ಬಚ್ಚಲಿನ ನಲ್ಲಿ ಈಗ ಒಂದು ಹನಿಯೂ ಸೋರುವುದಿಲ್ಲ, ಆದರೆ ಅದನ್ನು ತಿರುಗಿಸಲು ಇಕ್ಕಳ ಬೇಕು. ಕಾಲಿಂಗ್ ಬೆಲ್ಲು ಚೆನ್ನಾಗಿಯೇ ಕೂಗುತ್ತದೆ, ಅಡುಗೆಮನೆಯ ಲೈಟು ಹಾಕಿದಾಗ. ಇಷ್ಟಾದರೂ ರಿಪೇರಿಯವನೊಬ್ಬ ಹೊಸ್ತಿಲು ದಾಟಿದರೆ ಭಾವನಿಗೆ ಮೈಯೆಲ್ಲ ಉರಿ. “ಅವನಿಗೇನು ನಾಲ್ಕು ಕೈ ಇದೆಯಾ?” ಅನ್ನುತ್ತಾರೆ. ಇಲ್ಲ, ಎರಡೇ. ಆದರೆ ಆ ಎರಡಕ್ಕೂ ಕೆಲಸ ಗೊತ್ತು ಎಂದು ಹೇಳುವ ಧೈರ್ಯ ಮಹಡಿಯ ಮೇಲೆ ಬಾಡಿಗೆ ಕೊಡದೆ ಇರುವ ಬಾಮೈದನಿಗೆ ಎಲ್ಲಿಂದ ಬರಬೇಕು? ಆ ಬಾಮೈದ ನಾನೇ.

ಭಾವ ಟೇಲರು. ಊರಿನವರ ಬಾಯಲ್ಲಿ ಮಾರ್ಜಿನ್ ಮಾಸ್ಟರ್. ಯಾವ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಅರ್ಧ ಇಂಚು ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ಮುಂದೆ ಮೈ ದಪ್ಪಗಾದರೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದು ಅಂತ. ಶಾಲೆಯ ಮಕ್ಕಳ ತಾಯಂದಿರಿಗೆ ಇವರೆಂದರೆ ಪ್ರಾಣ. ನನ್ನ ಮದುವೆಯ ಕೋಟಿಗೆ ಹೊಲಿಗೆಯ ಹೊರಗೂ ಅರ್ಧ ಇಂಚು ಬಿಟ್ಟಿದ್ದರು. ಫೋಟೋದಲ್ಲಿ ನಾನು ಯಾರದೋ ಕೋಟು ಕೇಳಿ ತಂದವನ ಹಾಗೆ ನಿಂತಿದ್ದೇನೆ.

ಅಂಗಡಿಯ ಹಿಂಭಾಗದಲ್ಲಿ, ಇಸ್ತ್ರಿ ಮೇಜಿನ ಪಕ್ಕ, ಒಂದು ಸ್ಟೂಲು. ಅದು ನನ್ನ ಅಕ್ಕನ ಜಾಗ. ಗುಂಡಿ ತೂರಿಸುವ ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು, ಎಲ್ಲ ಅವಳದು. ಮಾಸ್ಟರ್ ಎಂದು ಹೆಸರು ಭಾವನಿಗೆ, ಬೆರಳಿಗೆ ಚುಚ್ಚಿಸಿಕೊಳ್ಳುವುದು ಅಕ್ಕನಿಗೆ. ಮದುವೆಗೆ ಮುಂಚೆ ಅವಳು ಲ್ಯಾಬ್ ಟೆಕ್ನಿಷಿಯನ್ ಓದಿದ್ದಳು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಮರೆತೇ ಹೋಗಿತ್ತು. ಅವಳಿಗೆ ಮಾತ್ರ ಮರೆತಿರಲಿಲ್ಲ. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ, ಯಾರಿಗೂ ಹೇಳದೆ ಊರಾಚೆಯ ಆಸ್ಪತ್ರೆಗೆ ಅರ್ಜಿ ಹಾಕಿ, ಕೆಲಸವನ್ನೂ ಗಿಟ್ಟಿಸಿಕೊಂಡಳು. ಬೆಳಗಿನ ಪಾಳಿ. ಅಲ್ಲಿಗೆ ಹೋಗುವ ಮೊದಲ ಬಸ್ಸು ಪಾಳಿ ಶುರುವಾದ ಮೇಲೆಯೇ ಹೊರಡುವುದು. ಸೋಮವಾರ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರಿಗೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಅಕ್ಕನ ಹತ್ತಿರ ಲೈಸೆನ್ಸ್ ಇತ್ತು. ಮನೆಯಲ್ಲಿ ಕಾರೂ ಇತ್ತು.

ಸುದ್ದಿ ಕೇಳಿ ಭಾವ “ಒಳ್ಳೇದಾಯ್ತು” ಅಂದರು. ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ, “ಆದ್ರೆ ಕಾರು ಸರಿ ಇಲ್ವಲ್ಲೇ” ಅಂದರು.

ಅದೇನೋ ನಿಜವೇ. ಸ್ಟಿಯರಿಂಗ್ ತಿರುಗಿಸಿದರೆ ನಮ್ಮ ಕಾರು ಸ್ವಲ್ಪ ಯೋಚನೆ ಮಾಡಿ ತಿರುಗುತ್ತಿತ್ತು. ಗ್ಯಾರೇಜಿನವನು ಮುಂದಿನ ಚಕ್ರವನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಲಟಕ್ ಲಟಕ್. “ಎರಡೂ ಕಡೆ ಟೈರಾಡ್ ಎಂಡ್ ಸವೆದಿದೆ ಮಾಸ್ಟರ್. ಸ್ಟಿಯರಿಂಗ್ ಹೇಳಿದ್ದನ್ನ ಚಕ್ರಕ್ಕೆ ಮುಟ್ಟಿಸೋ ಕೀಲು ಅದು. ಕಳಚಿಕೊಂಡ್ರೆ ಕಥೆ ಮುಗೀತು. ಬಿಟ್ಟು ಹೋಗಿ, ಸಂಜೆ ಕೊಡ್ತೀನಿ” ಅಂದ. ಬೇರೆ ಯಾರಾದರೂ ಬಿಟ್ಟು ಬರುತ್ತಿದ್ದರು. ನಮ್ಮ ಭಾವ ಹೊಸ ಕೀಲುಗಳನ್ನು ಕೊಂಡು, ಆ ಲಟಕ್ ಲಟಕ್ ಕಾರಿನಲ್ಲೇ ತೆವಳುತ್ತ ಮನೆಗೆ ಬಂದರು. “ನಾನೇ ಹಾಕ್ತೀನಿ.”

ಕಾರು ಅಂಗಳದಲ್ಲಿ ನಿಂತಿತು. ಇವತ್ತು ಜ್ಯಾಕ್ ಸರಿ ಇಲ್ಲ, ನಾಳೆ ಗಿರಾಕಿ ಜಾಸ್ತಿ, ನಾಡಿದ್ದು ಬೆನ್ನುನೋವು. ಶನಿವಾರ ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು, “ರೀ, ನಾಳೆ ಸಂಜೆಯೊಳಗೆ ಆಗದಿದ್ರೆ ಗ್ಯಾರೇಜಿನವನನ್ನ ನಾನೇ ಕರೀತೀನಿ” ಅಂದಳು. ಭಾವ ಅನ್ನದ ಮೇಲೆ ಇನ್ನೊಂದು ಸೌಟು ಸಾರು ಸುರಿದುಕೊಂಡರು.

ಭಾನುವಾರ ಬೆಳಿಗ್ಗೆ ನನಗೆ ಬುಲಾವ್ ಬಂತು. ಟಾರ್ಚ್ ಹಿಡಿಯುವ ಮಹತ್ತರ ಜವಾಬ್ದಾರಿ ನನ್ನದು. ಭಾವ ಕಾರೆತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ಅಂಗಡಿಯಿಂದ ತಂದ ಹಳೇ ಪರದೆಯ ಮೇಲೆ ಅಂಗಾತ ಮಲಗಿದರು. ಕೀಲಿನ ರಬ್ಬರ್ ಟೋಪಿ ಹರಿದು, ಒಳಗಿನ ಗ್ರೀಸು ಮಣ್ಣಾಗಿತ್ತು. ನಟ್ಟು ಬಿಚ್ಚಿದ ಮೇಲೂ ಕೀಲು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಣ್ಣೆ ಹೊಡೆದದ್ದಾಯಿತು, ಸುತ್ತಿಗೆಯಲ್ಲಿ ಬಡಿದದ್ದಾಯಿತು, ನನ್ನನ್ನು ಬೈದದ್ದೂ ಆಯಿತು. “ಟಾರ್ಚ್ ಎಲ್ಲಿ ಬಿಡ್ತಿದ್ದೀಯ? ನನ್ನ ಮೂಗಿನ ಮೇಲೇನು ಕೆಲಸ ಇದೆ?” ಕೊನೆಗೆ ಕೀಲು ಕಳಚಿ ಬಿದ್ದಾಗ ಭಾವ ಮೀಸೆಯ ಮೇಲೆ ಕೈಯಾಡಿಸಿದರು. ಗ್ರೀಸು ಮೀಸೆಗೂ ಹತ್ತಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ಬಿಚ್ಚುವ ಮುಂಚೆ ಅವರು ಹಳೆಯ ಕೀಲು ರಾಡಿನ ಮೇಲೆ ಎಲ್ಲಿ ಕೂತಿತ್ತು ಎಂದು ಟೇಪು ಹಿಡಿದು ಅಳೆದು, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಗೆರೆ ಎಳೆದಿದ್ದರು. ನೋಡಿ ನನಗೇ ಭಕ್ತಿ ಬಂತು. ಹೊಸ ಕೀಲನ್ನು ತಿರುಗಿಸಿ ತಿರುಗಿಸಿ ಕೂರಿಸಿದರು, ಲಾಕ್ ನಟ್ಟು ಬಿಗಿ ಮಾಡಿದರು, ಇನ್ನೊಂದು ಕಡೆಯೂ ಅದೇ. ಚಕ್ರ ಅಲ್ಲಾಡಿಸಿದರೆ ಈಗ ಲಟಕ್ ಇಲ್ಲ. “ನೋಡಿದ್ಯೇನಯ್ಯಾ?” ಅಂದರು. ನೋಡಿದೆ.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಸೀಟಿನಲ್ಲಿ ಕೂತಳು. ಕಾರು ಗೇಟು ದಾಟಿ ಬೀದಿಗಿಳಿಯಿತು, ಟೈರುಗಳು ಕಿರ್ರೆಂದು ಅರಚಿಕೊಂಡವು. ನಡೆದು ಹೋಗುವವರು ನಿಂತು ನೋಡಿದರು. ಬೀದಿಯ ತುದಿ ಮುಟ್ಟುವ ಮುಂಚೆಯೇ ಅಕ್ಕ ಹಿಂದಕ್ಕೆ ತಂದಳು.

“ಹೊಸದಲ್ವಾ, ಕೂತ್ಕೋಬೇಕು” ಅಂದರು ಭಾವ.

ಅಕ್ಕ ಇಳಿದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮುಂದಿನ ಎರಡು ಚಕ್ರಗಳೂ ಒಂದರ ಮುಖ ಒಂದು ನೋಡುತ್ತಿದ್ದವು. ಅವಳು ಬಹಳ ಹೊತ್ತು ನೋಡಿದಳು.

“ರೀ, ಗೆರೆಗೆ ಸರಿಯಾಗಿ ಹಾಕಿದ್ರಾ?”

“ಹಾಕಿದೆ.”

“ಸರಿಯಾಗಿ ಗೆರೆಗೇ?”

ಭಾವ ಸ್ಪ್ಯಾನರ್ ಒರೆಸತೊಡಗಿದರು.

“ಗೆರೆಯಿಂದ ಎಷ್ಟು ಬಿಟ್ರಿ?”

“ಅರ್ಧ ಇಂಚು” ಅಂದರು ಭಾವ, ಸ್ಪ್ಯಾನರಿಗೆ. “ಮುಂದೆ ಬೇಕಾದ್ರೆ ಇರಲಿ ಅಂತ.”

ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಎರಡೂ ಕಡೆ ರಾಡು ಅರ್ಧರ್ಧ ಇಂಚು ಉದ್ದ! ಅಕ್ಕ ನಗಲಿಲ್ಲ. “ಕಾರು ದಪ್ಪ ಆಗುತ್ತಾ ರೀ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಭಾವನೂ ನೋಡಿದರು.

ನನ್ನ ನಗು ಅಲ್ಲೇ ನಿಂತು ಸಿಟ್ಟು ಬಂತು. “ಭಾವ, ನಿಜ ಹೇಳಿ. ಬೇಕಂತಲೇ ಮಾಡಿದ್ರಾ?”

ಬೈಯುತ್ತಾರೆ ಅಂದುಕೊಂಡೆ. ಅವರು ಬಿಚ್ಚಿಟ್ಟ ಹಳೇ ಕೀಲನ್ನು ಕೈಗೆತ್ತಿಕೊಂಡು ಆ ಕಡೆ ಈ ಕಡೆ ಅಲ್ಲಾಡಿಸುತ್ತ ಕೂತರು.

“ಇಲ್ಲ ಕಣೋ. ಕೈ ತಾನಾಗೇ ಮಾರ್ಜಿನ್ ಬಿಟ್ಟುಬಿಡ್ತು, ಆಣೆ. ಆದ್ರೆ ಕಾರು ಹೋಗ್ಲಿಲ್ಲ ನೋಡು, ಆಗ ಒಂದು ಗಳಿಗೆ ಖುಷಿ ಆಯ್ತು.” ಕೀಲನ್ನು ಪರದೆಯ ಮೇಲಿಟ್ಟು, “ಆ ಸ್ಟೂಲ್ ಖಾಲಿ ಇದ್ರೆ ಅಂಗಡಿಯಲ್ಲಿ ನಾನು ಯಾರ ಹತ್ರ ಮಾತಾಡ್ಲಿ?” ಅಂದರು.

ಇಷ್ಟು ವರ್ಷ ಆ ಅಂಗಡಿಯಲ್ಲಿ ಅವರು ಅಕ್ಕನ ಹತ್ತಿರ ಆಡಿದ ಮಾತೆಂದರೆ ‘ಅದನ್ನ ಬೇಗ ಮುಗಿಸು’, ‘ಇದನ್ನ ಬಿಚ್ಚು’ ಅನ್ನುವುದು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ. ಪಾಪ ಅನ್ನಿಸಿತು, ಮೊದಲ ಸಲ.

ಭಾವ ಮತ್ತೆ ಕಾರಿನಡಿ ನುಗ್ಗಿದರು. ಲಾಕ್ ನಟ್ಟು ಸಡಿಲಿಸಿ, ರಾಡು ತಿರುಗಿಸಿ, ಎರಡೂ ಕಡೆ ಕೀಲನ್ನು ಗೆರೆಗೆ ತಂದರು. ಗೆರೆಗೇ. ಈ ಸಲ ಟಾರ್ಚಿನ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಎದ್ದವರೇ ಒಳಗೆ ಹೋಗಿ, “ಟೈರಂಗಡಿಯಲ್ಲಿ ಒಂದ್ಸಲ ಚೆಕ್ ಮಾಡಿಸ್ಕೊಂಡು ಬಾ” ಎಂದು ಅಕ್ಕನ ಕೈಗೆ ಕೀ ಕೊಟ್ಟರು. ರಿಪೇರಿಯವನ ಹತ್ತಿರ ಹೋಗು ಎಂದು ಅವರ ಬಾಯಿಂದ ಬಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಟೈರಂಗಡಿಯವನು ಕಾರನ್ನು ಮಷೀನಿಗೆ ಹಾಕಿ, ಉಳಿದಿದ್ದ ಕೂದಲೆಳೆಯಷ್ಟು ಸೊಟ್ಟವನ್ನು ಸರಿಮಾಡಿ, “ಯಾವ ಮೆಕ್ಯಾನಿಕ್ ಹಾಕಿದ್ದು?” ಎಂದು ಕೇಳಿದ. “ಟೇಲರು” ಅಂದಳು ಅಕ್ಕ.

ಸೋಮವಾರ ಬೆಳಿಗ್ಗೆ ಅಕ್ಕ ಹೋದಳು. ಕಾರು ಗೇಟಿನಲ್ಲಿ ತಿರುಗಿಸಿದ ಕಡೆಗೇ, ಯೋಚನೆ ಮಾಡದೆ, ತಿರುಗಿತು. ಭಾವ ಬನಿಯನ್ನಿನಲ್ಲೇ ಬೀದಿಯ ತುದಿಯವರೆಗೆ ನಡೆದು ಹೋಗಿ ನಿಂತಿದ್ದರು.

ಸಂಜೆ ನನ್ನ ಪ್ಯಾಂಟು ತರಲು ಅಂಗಡಿಗೆ ಹೋದೆ. ಭಾವ ಮಷೀನು ಬಿಟ್ಟು ಹಿಂಭಾಗದ ಸ್ಟೂಲಿನ ಮೇಲೆ ಕೂತು ಕಾಜಾ ಮಾಡುತ್ತಿದ್ದರು. ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದರು. ಹೊರಗೆ ಕಾರು ನಿಂತಿತು, ಅಕ್ಕ ಒಳಗೆ ಬಂದಳು. ಮುಗಿದ ಅಂಗಿಯೊಂದನ್ನು ಎತ್ತಿ ಗುಂಡಿ ಹಾಕಿದಳು, ಗುಂಡಿ ತಾನಾಗಿಯೇ ಕಳಚಿಕೊಂಡಿತು. ಮುಂದಿನದೂ ಕಳಚಿಕೊಂಡಿತು. ಅಷ್ಟೂ ಕಾಜಾ ಗುಂಡಿಗಿಂತ ದೊಡ್ಡವು.

ಆಗ ಅವಳು ನಕ್ಕಳು. ನಿನ್ನೆಯಿಂದ ತಡೆದಿಟ್ಟದ್ದನ್ನೆಲ್ಲ ಸೇರಿಸಿ, ಗೋಡೆ ಹಿಡಿದುಕೊಂಡು ನಕ್ಕಳು. ಭಾವನ ಮುಖ ಅರಳಿತು. ಸ್ಟೂಲಿನಿಂದ ಎದ್ದು, ಅದನ್ನು ಅಂಗೈಯಲ್ಲಿ ಒರೆಸಿ, ಸೂಜಿಯನ್ನು ಅವಳ ಕಡೆ ಚಾಚಿದರು.

ಅಕ್ಕ ಸೂಜಿ ತೆಗೆದುಕೊಂಡಳು. ಬೆಳಕಿಗೆ ಹಿಡಿದು ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಅವರ ಕೈಗೇ ವಾಪಸ್ ಕೊಟ್ಟಳು.

“ಬೇಗ ಮುಗಿಸಿ ರೀ,” ಅಂದಳು. “ನಾಳೆ ಬೆಳಿಗ್ಗೆ ನನಗೆ ಕೆಲಸ ಇದೆ.”