ಕಾಕಾ ಅಳಿಸಿದ ಆಲ್ಬಂ

ಮೊನ್ನೆ ಕಪಾಟು ಖಾಲಿ ಮಾಡುವಾಗ ಒಂದು ಕ್ಯಾಸೆಟ್ ಸಿಕ್ಕಿತು. ಅದರ ಎರಡೂ ಮೂಲೆಯ ತೂತುಗಳಿಗೆ ಅಂಟಿಸಿದ್ದ ಸೆಲೋಟೇಪ್ ಹಳದಿಯಾಗಿತ್ತು. ಆ ತೂತು ಮುಚ್ಚಿದರೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತದೆ. ಮುಚ್ಚಿದವರು ಮುಂಬೈಯ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯಲ್ಲಿದ್ದ ಕಾಕಾ. ನೋಡಿದ ಕೂಡಲೇ ಹಳೆಯ ಸಿಟ್ಟು ನೆತ್ತಿಗೇರಿತು.

ಧಾರವಾಡದ ಕಡೆಯವರು. ಯಾರ ಮನೆಯ ನಲ್ಲಿ ಸೋರಿದರೂ, ಯಾರ ಕೂದಲು ಉದ್ದವಾದರೂ ಅವರು ಮೂಗು ತೂರಿಸಲೇಬೇಕು. ಮಕ್ಕಳಿರಲಿಲ್ಲ; ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ ಕಾಕು, ಇಬ್ಬರೇ. ಸಂಜೆ ಕಾಕಾ ದಾಸರ ಪದ ಹಾಡುತ್ತಿದ್ದರು. ಶ್ರುತಿ ಒಂದು ದಿಕ್ಕಿಗೆ, ಅವರು ಒಂದು ದಿಕ್ಕಿಗೆ. ನಾನೂ ಅಮ್ಮನೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಮ್ಮ ಮನೆಯ ಇನ್ನೊಂದು ಕೀಲಿಕೈ ಅವರ ಬಳಿ ಇರುತ್ತಿತ್ತು.

ಕ್ಯಾಸೆಟ್ಟಿನಲ್ಲಿದ್ದುದು ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಹಾಡುವ ಸ್ವೀಡನ್ನಿನ ಒಂದು ತಂಡದ ಆಲ್ಬಂ. ತಂಡ ಆಗಲೇ ಒಡೆದುಹೋಗಿತ್ತು. ಮಾಟುಂಗದ ಗೆಳೆಯನೊಬ್ಬ ತನ್ನ ಸಿಡಿಯಿಂದ ತುಂಬಿಸಿಕೊಟ್ಟು, ಆಮೇಲೆ ಆ ಸಿಡಿಯನ್ನೂ ಕಳೆದುಕೊಂಡಿದ್ದ. ಗಾಯಕ ಗಂಟಲು ಹರಿಯುವಂತೆ ಗುಡುಗುತ್ತಿದ್ದ, ಅವನ ಹಿಂದೆ ಎರಡು ಗಿಟಾರು ಅಳುತ್ತಿದ್ದವು. ಅಪ್ಪ ತೀರಿಕೊಂಡ ವರ್ಷ ಅದು. ನನಗೆ ಅಳು ಬಂದಿರಲಿಲ್ಲ... ಆಫೀಸಿನಿಂದ ಬಂದು ಅದನ್ನು ಹಾಕಿದರೆ ಮಾತ್ರ ಎದೆ ಸ್ವಲ್ಪ ಹಗುರವಾಗುತ್ತಿತ್ತು.

ಒಂದು ಸಂಜೆ ಕಾಕಾ ಬಾಗಿಲು ತಟ್ಟಿದರು. "ತಮ್ಮಾ, ಕ್ಯಾಸೆಟ್ ಕೆಟ್ಟೈತಿ ನೋಡ. ಮನಷ್ಯಾನ ಧ್ವನಿ ಹಿಂಗ ಗೊರಗೊರ ಅಂತೈತೇನು?" ಈ ಮುದುಕನಿಗೆ ಏನು ವಿವರಿಸುವುದು ಎಂದು ಬಾಗಿಲು ಹಾಕಿಕೊಂಡೆ.

ಮುಂದಿನ ವಾರ ಮನೆಗೆ ಬಂದು ಪ್ಲೇ ಒತ್ತಿದರೆ ಕಾಕಾನ ಭಜನೆ. ಒಂದೇ ನಿಮಿಷ ಕೇಳಿ ಕ್ಯಾಸೆಟ್ ಕಿತ್ತು, ನೇರ ಅವರ ಮನೆಗೆ ಹೋದೆ. ಕಾಕಾ ನಗುತ್ತಿದ್ದರು.

"ಕೆಟ್ಟ ಕ್ಯಾಸೆಟ್ ಯಾಕ ದಂಡ ಮಾಡೂದು? ನಿಮ್ಮವ್ವಗೂ ಕೇಳಾಕ ಬರತೈತಿ ಅಂತ ಎರಡೂ ಬಾಜೂ ತುಂಬೇನಿ."

"ಇನ್ನ ಮ್ಯಾಲೆ ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ" ಎಂದು ಕೀಲಿಕೈ ಕಸಿದುಕೊಂಡು ಬಂದೆ.

ಅಲ್ಲಿಂದ ಅವರ ಜೊತೆ ಮಾತಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ "ಆರಾಮ ಏನ್ ತಮ್ಮಾ?" ಎನ್ನುತ್ತಿದ್ದರು. ನಾನು ಗೋಡೆ ನೋಡುತ್ತಿದ್ದೆ. ಹೀಗೆ ಒಂಬತ್ತೋ ಹತ್ತೋ ವರ್ಷ...

ಕಾಕಾ ಹೋದರು. ಹದಿಮೂರನೆಯ ದಿನ ಕಳೆದ ಮೇಲೆ ಕಾಕು ಬಂದು ಹೊಸ್ತಿಲಾಚೆಯೇ ನಿಂತರು. "ಆ ಕ್ಯಾಸೆಟ್ ಐತೇನ್ ತಮ್ಮಾ? ಅವರ ಧ್ವನಿ ಬ್ಯಾರೆ ಎಲ್ಲೂ ಇಲ್ಲ."

"ಆಗಲೇ ಎಸದಬಿಟ್ಟೀನ್ರಿ" ಎಂದೆ. ಕ್ಯಾಸೆಟ್ ಕಪಾಟಿನಲ್ಲೇ ಇತ್ತು. ನನ್ನದನ್ನು ಅಳಿಸಿದವರ ಧ್ವನಿ ಯಾಕೆ ಉಳಿಯಬೇಕು ಎಂಬ ಹಟ. ಆಗ ಅದು ನ್ಯಾಯ ಅನ್ನಿಸಿತ್ತು. ಕಾಕು ತಲೆಯಾಡಿಸಿ ಹೋದರು.

ಆ ಸ್ವೀಡನ್ನಿನ ಆಲ್ಬಂ ಇಂಟರ್ನೆಟ್ಟಿನಲ್ಲಿ ಸಿಕ್ಕಿ ಈಗ ನನ್ನ ಮೊಬೈಲಿನಲ್ಲೇ ಇದೆ, ಬೇಕೆಂದಾಗ ಕೇಳುತ್ತೇನೆ. ಕಾಕು ಹೋದ ತಿಂಗಳು ತೀರಿಕೊಂಡರು. ಕ್ಯಾಸೆಟ್ ಸಿಕ್ಕ ದಿನವೇ ಅಪ್ಪನ ಟೇಪ್ ರೆಕಾರ್ಡರಿಗೆ ಹಾಕಿ, ಮೊದಲ ಸಲ ಕೊನೆಯವರೆಗೂ ಕೇಳಿದೆ. ಕಾಕಾನ ಅಪಸ್ವರಕ್ಕೆ ಈಗಲೂ ಮೈ ಉರಿಯಿತು, ಸುಳ್ಳೇಕೆ ಹೇಳಲಿ. ಕೊನೆಗೆ ಹಾಡು ನಿಂತಿತು. "ಸಾಕಲ್ಲಾ?" ಎಂದರು ಕಾಕಾ. ಪಕ್ಕದಲ್ಲಿ ಕಾಕು ನಕ್ಕರು. "ಇನ್ನ ಜಾಗಾ ಐತಲ್ರೀ, ಇನ್ನೊಂದ ಹಾಡ್ರಿ."

ತಮ್ಮ ಧ್ವನಿಯೂ ಅದರಲ್ಲಿದೆ ಎಂಬುದು ಕಾಕುಗೆ ಮರೆತಿತ್ತೇನೋ... ಇಬ್ಬರನ್ನೂ ನಾನೇ ಬಚ್ಚಿಟ್ಟಿದ್ದೆ. ಕೊಡೋಣವೆಂದರೆ ಆ ಮನೆಗೆ ಈಗ ಬೀಗ.