ಮೂಲೆಯ ಮೊಗ್ಗು

ನನ್ನ ಮದುವೆ ಆದದ್ದೇ ಒಂದು ದಿಂಬಿನಿಂದ ಎಂದು ನಮ್ಮ ಅತ್ತೆ ಮೂವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಸಿಂದಗಿಯ ನಮ್ಮ ಮನೆಗೆ ಯಾರೇ ಬಂದರೂ ಚಹಾದ ಜೊತೆಗೆ ಈ ಕಥೆಯೂ ಬರುತ್ತದೆ. ‘ಅಗರಖೇಡಕ್ಕ ಹೆಣ್ಣು ನೋಡಾಕ ಹೋಗಿದ್ವಿ. ಗ್ವಾಡಿಗೆ ಒಂದು ದಿಂಬು ಆನಿಸಿಟ್ಟಿದ್ರು. ಮಷಿನ್ ಮ್ಯಾಲ ಏನ್ ಹೂವು ತಗದಿದ್ದು ಅಂತೀರಿ. ಇದ ಹುಡುಗಿ ಆಗಲಿ ಅಂದೆ.’ ಈ ಮಾತು ಶುರುವಾದ ಕೂಡಲೆ ನನಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಏಕೆಂದರೆ ಆ ದಿಂಬನ್ನು ನಾನು ಮಾಡಿರಲಿಲ್ಲ.

ಮಾಡಿದವಳು ನಮ್ಮ ಚಿಗವ್ವ, ಅವ್ವನ ತಂಗಿ. ಇಂಡಿಯಲ್ಲಿದ್ದಳು. ಹೊಲಿಗೆ ಮಷಿನ್ ಮೇಲೆ ಹೂ ಅರಳಿಸುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ನನ್ನನ್ನು ನೋಡಲು ಬರುತ್ತಾರೆಂದು ಗೊತ್ತಾದಾಗ ಅವ್ವ ಹಿಂದಿನ ದಿನವೇ ಹೋಗಿ ಆ ದಿಂಬು ಇಸಿದುಕೊಂಡು ಬಂದಳು. ಬಿಳಿ ಬಟ್ಟೆ, ನಡುವೆ ಬಣ್ಣ ತುಂಬಿ ಸುತ್ತ ದಾರ ಓಡಿಸಿದ ನೇರಳೆ ಸೇವಂತಿಯ ಗೊಂಚಲು. ಎಲ್ಲ ಚೆಂದವಿತ್ತು, ಆದರೆ ಒಂದು ಮೂಲೆಯಲ್ಲಿ ಗೊಂಚಲಿಗೆ ಸಂಬಂಧವೇ ಇಲ್ಲದಂತೆ ಒಂಟಿ ಮೊಗ್ಗೊಂದಿತ್ತು. ಅದಕ್ಕೆ ದಾರದ ಕೆಲಸವೂ ಇರಲಿಲ್ಲ, ಬರೀ ಬಣ್ಣ ಬಳಿದಿತ್ತು. ಎಲ್ಲಿ ಅದರ ಬಗ್ಗೆ ಕೇಳಿಬಿಡುತ್ತಾರೋ ಎಂದು ನಾನು ಅದರ ಮೇಲೆ ಅಂಗೈ ಊರಿಕೊಂಡೇ ಕೂತಿದ್ದೆ. ‘ಇದನ್ನ ಯಾರ್ ಮಾಡ್ಯಾರ್ರಿ?’ ಎಂದು ಅತ್ತೆ ಕೇಳಿದರು. ‘ನಮ್ಮ ಹುಡುಗಿನ ಮಾಡ್ಯಾಳ್ರಿ’ ಎಂದು ಅವ್ವ ಹೇಳಿದಳು. ನಾನು ಜಮಖಾನೆಯ ಗೆರೆಗಳನ್ನು ನೋಡುತ್ತಿದ್ದೆ.

ಮದುವೆಯಾದ ಮೇಲೆ ಸುಳ್ಳಿಗೆ ಒಂದೊಂದೇ ತೇಪೆ ಹಚ್ಚುತ್ತ ಹೋದೆ. ದಿಂಬು ಎಲ್ಲಿ ಎಂದರೆ, ತಂಗಿಗೆ ಬೇಕಂತೆ, ತವರಲ್ಲೇ ಐತಿ. ಇನ್ನೊಂದು ಮಾಡು ಎಂದರೆ, ಮಷಿನ್ ಇಲ್ಲ. ಮಷಿನ್ ಬಂದಾಗ, ಶಾಲೆಗೆ ಹೋಗುವವಳಿಗೆ ಹೊತ್ತೆಲ್ಲಿ. ನಾನು ಶಾಲೆಯಲ್ಲಿ ಮಕ್ಕಳಿಗೆ ಸತ್ಯವನ್ನೇ ಹೇಳಬೇಕು ಎಂದು ಬೋರ್ಡಿನ ಮೇಲೆ ಬರೆಸುವವಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುವುದನ್ನು ಮಾತ್ರ ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ಈ ಬೇಸಿಗೆ ರಜೆಯಲ್ಲಿ ಮಗಳ ಕುಬಸ ನಿಶ್ಚಯವಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಹೂ ಮುಡಿಸಿ ಕೂರಿಸುವ ದಿನ. ಇನ್ನೂ ಹದಿನೈದು ದಿನವಿತ್ತು. ಅತ್ತೆ ಅಡಿಕೆ ಕತ್ತರಿಸುತ್ತ, ‘ಹುಡುಗಿ ಬೆನ್ನಿಗೆ ಆನಿಸಾಕ ಒಂದು ದಿಂಬು ಮಾಡ. ಆವಾಗ ಮಾಡಿದ್ದಿಯಲ್ಲ, ಅಂತಾದ್ದ ಆಗಬೇಕು. ಈಗ ಸಾಲಿನೂ ಸೂಟಿ ಐತಿ, ಮಷಿನೂ ಐತಿ’ ಎಂದರು. ನನ್ನ ನೆಪಗಳನ್ನೆಲ್ಲ ಅವರೇ ಒಂದೇ ಮಾತಿನಲ್ಲಿ ಮುಗಿಸಿದ್ದರು. ಕೇಳಿ ಕಲಿಯೋಣವೆಂದರೆ ಚಿಗವ್ವ ತೀರಿಕೊಂಡು ಆರು ವರ್ಷವಾಗಿತ್ತು. ಈ ವಯಸ್ಸಿನಲ್ಲಿ ಅತ್ತೆಯ ಕಣ್ಣಲ್ಲಿ ಸುಳ್ಳಿ ಎನಿಸಿಕೊಳ್ಳುವುದಕ್ಕಿಂತ ಸೂಜಿಗೆ ಬೆರಳು ಕೊಡುವುದೇ ಮೇಲು ಎನಿಸಿತು.

ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಣ್ಣುಮಗಳು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಅವಳ ಕೈ ಹಿಡಿದು ನಾನು ಅ ಆ ತಿದ್ದಿಸಿದ್ದೆ. ಈಗ ಅವಳ ಕೂದಲೂ ಅಲ್ಲಲ್ಲಿ ಬೆಳ್ಳಗಾಗಿದೆ. ನನ್ನ ಸಂಕಟ ಕೇಳಿ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ‘ಅಕ್ಕಾರ, ನೀವೂ ಕಾಪಿ ಹೊಡದೀರೇನ್ರಿ?’ ಎಂದಳು. ಬೇರೆ ಯಾರಾದರೂ ಆಗಿದ್ದರೆ ಎದ್ದು ಬರುತ್ತಿದ್ದೆ. ನಾನು ಬೇಗ ಸಿಟ್ಟಾಗುವವಳು.

ಮೊದಲು ಬಟ್ಟೆಯನ್ನು ಒಗೆದು ಅದರ ಗಂಜಿ ಬಿಡಿಸಬೇಕು, ಇಲ್ಲದಿದ್ದರೆ ಬಣ್ಣ ಒಳಗಿಳಿಯುವುದಿಲ್ಲ. ಪೆನ್ಸಿಲ್ಲಿನಲ್ಲಿ ಹೂ ಬರೆದು, ಬಟ್ಟೆಗೆಂದೇ ಸಿಗುವ ಶಾಯಿಯನ್ನು ಬ್ರಶ್ಶಿನಲ್ಲಿ ತುಂಬಬೇಕು. ನೀರು ಹೆಚ್ಚಾದರೆ ಎಸಳು ಗೆರೆ ದಾಟಿ ಹರಿಯುತ್ತದೆ. ಕಡಿಮೆಯಾದರೆ ಮೇ ತಿಂಗಳ ಸಿಂದಗಿಯ ಬಿಸಿಲಿಗೆ ಬ್ರಶ್ಶಿನಲ್ಲೇ ಒಣಗುತ್ತದೆ. ಆರಿದ ಮೇಲೆ ಹಿಂಬದಿಯಿಂದ ಇಸ್ತ್ರಿ. ಇಷ್ಟು ಮಾಡಿದರೆ ಹೂವಿಗೆ ಮೈ ಬರುತ್ತದೆ, ಇನ್ನು ಜೀವ ಬರುವುದು ಹೊಲಿಗೆಯಿಂದ.

ಆ ಹೊಲಿಗೆಯೇ ನನ್ನನ್ನು ಗೋಳು ಹೊಯ್ದುಕೊಂಡದ್ದು. ‘ಮಷಿನ್ನಿನ ಹಲ್ಲು ಇಳಿಸೀನ್ರಿ ಅಕ್ಕಾರ. ಈಗ ಅದು ಬಟ್ಟಿ ಎಳಿಯಂಗಿಲ್ಲ, ನೀವ ನಡಸಬೇಕು. ಕಾಲು ಜೋರು, ಕೈ ಸಾವಕಾಶ’ ಎಂದಳು. ನನ್ನದು ತಿರುಗಾಮುರುಗಾ. ಕೈ ಓಡುತ್ತಿತ್ತು, ಕಾಲು ನಿಲ್ಲುತ್ತಿತ್ತು. ಮೊದಲ ದಿನ ಮೂರು ಸೂಜಿ ಮುರಿದೆ. ನಿನ್ನ ಮಷಿನ್ನೇ ಸರಿ ಇಲ್ಲ ಎಂದೆ. ‘ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ’ ಎಂದು ತನ್ನಷ್ಟಕ್ಕೆ ಎಂಬಂತೆ ಹೇಳಿ ನಾಲ್ಕನೆಯ ಸೂಜಿ ಕೊಟ್ಟಳು. ಆ ಗಾದೆಯನ್ನು ಅವಳಿಗೆ ಕಲಿಸಿದವಳೂ ನಾನೇ ಇರಬೇಕು. ನಾಲ್ಕೈದು ದಿನ ಹಳೆಯ ಬಟ್ಟೆಯ ಮೇಲೆ ತಿದ್ದಿಸಿದಳು. ನನ್ನ ಮಣಿಕಟ್ಟು ಹಿಡಿದು ಎಸಳಿನ ಸುತ್ತ ನಡೆಸಿದಳು. ನಾನೂ ಅವಳಿಗೆ ಇಷ್ಟೇ ತಾಳ್ಮೆಯಿಂದ ಕಲಿಸಿದ್ದೆನೋ ಇಲ್ಲವೋ, ನೆನಪಿಲ್ಲ.

ಮನೆಯಲ್ಲಿ ಬ್ಲೌಸ್ ಹೊಲಿಸಲು ಹೋಗುತ್ತೇನೆ ಎಂದು ಹೇಳುತ್ತಿದ್ದೆ. ಎಂಟನೆಯ ದಿನ ಅತ್ತೆ, ‘ಕುಬಸ ಮಗಳದೋ ನಿಂದೋ? ಎಷ್ಟ ಬ್ಲೌಸ್ ಹೊಲಸ್ತಿ?’ ಎಂದರು. ಚಪ್ಪಲಿ ಮೆಟ್ಟಿ ಹೊರಟೆ.

ಕಡೆಗೆ ನಿಜವಾದ ಬಟ್ಟೆಗೇ ಕೈ ಹಾಕಿದೆ. ನೇರಳೆ ಸೇವಂತಿಯ ಗೊಂಚಲು ತುಂಬಿ ಮುಗಿಸಿ, ಬ್ರಶ್ ಎತ್ತುವಾಗ ಒಂದು ಹನಿ ಶಾಯಿ ಮೂಲೆಯಲ್ಲಿ ಬಿತ್ತು. ಅಳು ಬಂತು. ಒಗೆದುಬಿಡುತ್ತೇನೆ ಎಂದು ಎದ್ದೆ. ಅವಳು ತಡೆದಳು. ‘ಒಗದ್ರ ಇನ್ನೂ ಹಬ್ಬತೈತ್ರಿ. ಅದಕ್ಕೊಂದು ದೇಟು ಕೊಡ್ರಿ, ಮೊಗ್ಗಿ ಆಗ್ತೈತಿ.’ ದೇಟು ಬರೆಯುತ್ತಿದ್ದಂತೆ ಚಿಗವ್ವನ ದಿಂಬಿನ ಆ ಒಂಟಿ ಮೊಗ್ಗು ಕಣ್ಣ ಮುಂದೆ ಬಂತು. ಅಷ್ಟು ಪಳಗಿದ ಕೈಯಿಂದಲೂ ಒಂದು ಹನಿ ಜಾರಿತ್ತಲ್ಲ ಎಂದು ಸಮಾಧಾನವಾಯಿತು, ಚಿಗವ್ವನ ಮೇಲೆ ಮುದ್ದೂ ಬಂತು. ಆಮೇಲೆ ತೆಳು ಹತ್ತಿಯ ಪದರ ಕೆಳಗಿಟ್ಟು, ಗೊಂಚಲಿನ ಸುತ್ತ ದಾರ ಓಡಿಸಿದೆ. ಮೊಗ್ಗಿಗೆ ದಾರ ಹಾಕಲಿಲ್ಲ. ಹಾಕಿದ್ದರೆ ಅದು ಅಂತಾದ್ದೇ ಆಗುತ್ತಿರಲಿಲ್ಲ.

ಕುಬಸದ ಹಿಂದಿನ ದಿನ ಮಧ್ಯಾಹ್ನ ದಿಂಬನ್ನು ಅತ್ತೆಯ ಕೈಗಿಟ್ಟೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಎಸಳುಗಳ ಮೇಲೆ ಬೆರಳಾಡಿಸಿದರು. ಹೊಲಿಗೆ ಎರಡು ಕಡೆ ದಾರಿ ತಪ್ಪಿತ್ತು. ಅಲ್ಲಿ ಬೆರಳು ನಿಂತು ಮುಂದೆ ಹೋಯಿತು. ಮೂಲೆಗೆ ಬಂದಾಗ ಮುಖ ಎತ್ತಿ ಕೇಳಿದರು.

‘ಇಲ್ಲಿ ಏನ್ ಚೆಲ್ಲಿದಿ?’

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು. ‘ನಾ ಚಹಾ ಚೆಲ್ಲಿದ್ದೆ. ನಿಮ್ಮಲ್ಲಿಗೆ ಬರೂದಕ್ಕ ಒಂದು ತಿಂಗಳ ಮೊದಲ ಹೊರ್ತಿಗೆ ಹೆಣ್ಣು ನೋಡಾಕ ಹೋಗಿದ್ವಿ. ಅಲ್ಲೂ ಅದ ದಿಂಬು. ಕಪ್ ಜಾರಿ ಅದರ ಮೂಲಿಗೆ ಕಲಿ ಆತು. ಅಗರಖೇಡಕ್ಕ ಬಂದು, ನೀ ಹೊರಗ ಬರೂದಕ್ಕ ಮೊದಲ ನೋಡ್ತೇನಿ, ನನ್ನ ಚಹಾದ ಮ್ಯಾಲ ಮೊಗ್ಗಿ ಬಿಟ್ಟೈತಿ.’

ಚಿಗವ್ವ ಆ ದಿಂಬನ್ನು ಬೇಕೆಂದವರಿಗೆಲ್ಲ ಕೊಡುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ಮೂವತ್ತು ವರ್ಷ ನಾನು ಮುಚ್ಚಿಟ್ಟದ್ದು ಈ ಮುದುಕಿಗೆ ಮೊದಲ ದಿನವೇ ಗೊತ್ತಿತ್ತು.

‘ಮತ್ತ ನನ್ನನ್ಯಾಕ ಒಪ್ಪಿದ್ರಿ, ಅತ್ತಿ?’ ಎಂದೆ.

‘ಹೊರ್ತ್ಯಾಗಿನ ಹುಡುಗಿ ತಾನ ಮುಂದಾಗಿ ನಾನ ಮಾಡೇನಿ ಅಂದ್ಲು. ಮಾರಿ ಅಲುಗಲಿಲ್ಲ. ನೀ ಮೊಗ್ಗಿ ಮ್ಯಾಲ ಕೈ ಇಟ್ಟು ಬೆವತಿದ್ದಿ. ಇದಕ್ಕ ಸುಳ್ಳು ಹೇಳಾಕ ಬರಂಗಿಲ್ಲ ಅಂದ್ಕೊಂಡೆ.’

‘ಆಮ್ಯಾಲ ಕಲ್ತೆನಲ್ರಿ.’

‘ಕಲ್ತಿ. ಚಲೋನ ಕಲ್ತಿ. ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ ಎಲ್ಲಾರ ಮುಂದ ಆ ಕಥಿ ಹೇಳ್ಕೋತ ಬಂದೆ. ನೀ ಒಳಗ ಓಡೂದ ಬಿಡಲಿಲ್ಲ. ಕಡೀಕ, ಮಾಡಿಯರ ತೋರಸಲಿ ಅಂದೆ.’

ನಗಬೇಕೋ ಅಳಬೇಕೋ ತಿಳಿಯದೆ ಅವರ ತೊಡೆಯ ಮೇಲಿದ್ದ ದಿಂಬಿಗೇ ಮುಖ ಒತ್ತಿದೆ. ‘ಏಳ, ಬಣ್ಣ ಹತ್ತೀತು’ ಎಂದರು. ಇಸ್ತ್ರಿ ಮಾಡಿದ್ದೇನೆ, ಹತ್ತುವುದಿಲ್ಲ ಎಂದೆ. ನನ್ನ ಹೆತ್ತ ಅವ್ವನಿಗಿಂತ ಒಂದು ತೂಕ ಹೆಚ್ಚಾಗಿಯೇ ಈ ಹೆಂಗಸಿನ ಮೇಲೆ ನನಗೆ ಪ್ರೀತಿ ಇದೆ ಎಂದು ಆ ಹೊತ್ತಿಗೆ ಅನ್ನಿಸಿತು. ಇದನ್ನು ಅವರೆದುರು ಹೇಳಲಿಲ್ಲ.

ಮರುದಿನ ಮಗಳು ಹಸಿರು ಸೀರೆಯುಟ್ಟು ಆ ದಿಂಬಿಗೆ ಬೆನ್ನು ಕೊಟ್ಟು ಕೂತಳು. ಬಸವನ ಬಾಗೇವಾಡಿಯಿಂದ ಬಂದಿದ್ದ ಬೀಗರ ಕಡೆಯ ಹಿರಿಯಾಕೆಯೊಬ್ಬರು ಆರತಿ ಮುಗಿಸಿ, ದಿಂಬಿನ ಮೇಲೆ ಕೈಯಾಡಿಸಿ ಅತ್ತೆಯನ್ನು ಕೇಳಿದರು. ‘ಇದನ್ನ ಯಾರ್ ಮಾಡ್ಯಾರ್ರಿ?’

ಅತ್ತೆ ಬಾಯಿ ತೆರೆಯುತ್ತಾರೆಂದು ಕಾದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, ‘ಸೊಸಿ ಇಲ್ಲೇ ಅದಾಳಲ್ರಿ. ಆಕಿನ್ನ ಕೇಳ್ರಿ’ ಎಂದರು.

‘ನಾನ ಮಾಡೇನ್ರಿ’ ಎಂದೆ. ಬೇಕಾದದ್ದಕ್ಕಿಂತ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಬಳೆ ತೊಡಿಸುತ್ತಿದ್ದವಳು ಸಹ ತಿರುಗಿ ನೋಡಿದಳು.

‘ಮೊಗ್ಗಿ ಸೈತ’ ಎಂದರು ಅತ್ತೆ, ಎಲೆ ಮಡಚುತ್ತ.