ಮಸಿ ಹಿಡಿಯದ ದೀಪ

ಸಮರ್‌ಸೆಟ್‌ಗೆ ಹೊಸದಾಗಿ ಬಂದಿಳಿದ ಕನ್ನಡದವರು ಯಾರೇ ಆಗಲಿ, ಸುಗುಣಾ ಆಂಟಿಯ ಕೈಗೆ ಸಿಕ್ಕಿ ನ್ಯೂಯಾರ್ಕಿನ ಮ್ಯೂಸಿಯಂ ನೋಡಲೇಬೇಕು. ವಾರವಿಡೀ ಎರಡು ಸಾವಿರನೇ ಇಸವಿಗೆ ಹೆದರಿ ಕೂತ ಕಂಪ್ಯೂಟರುಗಳ ಕೋಡ್ ತಿದ್ದುವ ಆಂಟಿ, ಶನಿವಾರ ಸೀರೆಯ ಕೆಳಗೆ ಸ್ನೀಕರ್ಸ್ ತೊಟ್ಟು, ಅಮೃತಶಿಲೆಯ ದೇವರುಗಳತ್ತ ತಿರುಗಿಯೂ ನೋಡದೆ ನಡೆಯುತ್ತಾರೆ. "ಅವ್ರನ್ನ ನೋಡೋಕೆ ಬೇಕಾದಷ್ಟು ಜನ ಇದಾರೆ, ಬನ್ರೀ" ಎಂದು ಎಳೆದೊಯ್ದು ನಮ್ಮನ್ನು ನಿಲ್ಲಿಸುವುದು ಗ್ರೀಕರ, ರೋಮನ್ನರ ಅಂಗೈಯಗಲದ ಮಣ್ಣಿನ ದೀಪಗಳ ಮುಂದೆ. ಮೂಗು ನೋಡಿ ಮನೆತನ ಹೇಳುವ ಅಜ್ಜಿಯರ ಹಾಗೆ ಇವರು ದೀಪದ ಮೂತಿ ನೋಡಿ ಊರು, ಶತಮಾನ ಎರಡನ್ನೂ ಹೇಳಬಲ್ಲರು. ಜೇಡಿಯಲ್ಲಿ ಕುಂಬಾರನ ಹೆಬ್ಬೆರಳು ಒತ್ತಿಕೊಂಡಿದ್ದರೆ "ಪಾಪ, ಅವಸರದಲ್ಲಿದ್ದ" ಎನ್ನುತ್ತಾರೆ. ಅವರೆಲ್ಲ ಉರಿಸುತ್ತಿದ್ದದ್ದು ಆಲಿವ್ ಎಣ್ಣೆ ಎಂದು ತಿಳಿದ ದಿನ ತಾವೂ ಅಪಾರ್ಟ್‌ಮೆಂಟಿನ ತುಂಬ ಹಣತೆ ಹಚ್ಚಿ, ಸ್ಮೋಕ್ ಅಲಾರಂ ಕೂಗಿಸಿ, ಓಡಿ ಬಂದ ಫೈರ್‌ನವರಿಗೆ ಕೇಸರಿಬಾತ್ ತಿನ್ನಿಸಿ, ರೋಮಿನ ಕಥೆ ಪೂರ್ತಿ ಕೇಳಿಸಿಯೇ ಕಳಿಸಿದ್ದರು. ಇಂಥವರು ಕೊನೆಯ ದೀಪದ ಮುಂದೆ ಮಾತ್ರ ದನಿ ತಗ್ಗಿಸುತ್ತಾರೆ. "ಮೂತೀಲಿ ಮಸಿನೇ ಇಲ್ಲ ನೋಡಿ. ಇದನ್ನ ಹಚ್ಚೇ ಇಲ್ಲ, ಸತ್ತವರ ಜೊತೆ ಹಾಗೇ ಸಮಾಧೀಲಿ ಇಟ್ಟಿದಾರೆ." ಕಳೆದ ಚಳಿಗಾಲ ಆಂಟಿಯ ಯಜಮಾನರು ತೀರಿಕೊಂಡಾಗ, ದೇಹವನ್ನಿರಿಸಿದ್ದ ಫ್ಯೂನರಲ್ ಹೋಮಿನವರು ಒಳಗೆ ಬೆಂಕಿ ಹಚ್ಚುವಂತಿಲ್ಲ ಎಂದು ಮೆತ್ತಗೆ ಹೇಳಿದ್ದರು. ಆಂಟಿ ಯಜಮಾನರ ತಲೆದೆಸೆಯಲ್ಲಿ ಹಣತೆಯಿಟ್ಟು, ಎಣ್ಣೆ ಹಾಕಿ, ಬತ್ತಿ ನೇರ ಮಾಡಿ, ಬೆಂಕಿಪೊಟ್ಟಣವನ್ನು ಮತ್ತೆ ಚೀಲದೊಳಗೆ ಹಾಕಿಕೊಂಡಿದ್ದರು.